ಎಮ್ಮೆಯ ಬಸಿರಿಗೆ ಕನ್ನಡವಿದೆ, ಅವ್ವನ ಗರ್ಭಕೋಶಕ್ಕೆ ಯಾಕಿಲ್ಲ?

(ಗಲಗಲಿಯಲ್ಲಿ ನಡೆದ ಕನ್ನಡ ಯುವಜನರ ಕಮ್ಮಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಕೃಷ್ಣಾ ದಂಡೆಯ ಈ ಗಲಗಲಿಗೆ ಬಂದಿದ್ದೀರಿ. ಅಂಗಡಿ ಬೋರ್ಡಿನ ಹೋರಾಟ, ಬ್ಯಾಂಕಿನ ಚಲನ್ನಿನ ಹೋರಾಟ, ರೈಲ್ವೆ ಪರೀಕ್ಷೆಯ ಹೋರಾಟ, ಎಲ್ಲದರಲ್ಲೂ ನಿಮ್ಮಂಥವರ ಬೆವರಿದೆ. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನಿಗೇ ತಿದ್ದುಪಡಿಯಾಯಿತು. ಬೀದಿಗಿಳಿದವರ ಗೆಲುವು ಅದು. ಅಭಿನಂದನೆ.

ಆದರೆ ಇವತ್ತು ನಾನು ಒಂದು ಪ್ರಶ್ನೆ ಕೇಳಬೇಕು. ಆಸ್ಪತ್ರೆಯ ಹೊರಗಿನ ಬೋರ್ಡು ಕನ್ನಡವಾಯಿತು, ಸಂತೋಷ. ಒಳಗೆ ನಿಮ್ಮ ಅವ್ವ ಹೆಬ್ಬೆಟ್ಟು ಒತ್ತುವ ಕಾಗದ ಯಾವ ಭಾಷೆಯಲ್ಲಿದೆ?

ನಾನು ಪಿಯುಸಿ ಓದಿದವನು. ಡಾಕ್ಟರನಲ್ಲ, ಪಂಡಿತನಲ್ಲ. ಪ್ರೆಸ್ಸು ನಡೆಸುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಯ ರಸೀದಿ ಪುಸ್ತಕ, ಆಸ್ಪತ್ರೆಯ ಫಾರಂ ಎಲ್ಲವೂ ನನ್ನ ಮಷಿನ್ನಿನ ಮೇಲೆ ಹಾದುಹೋಗುತ್ತವೆ. ಲಗ್ನಪತ್ರಿಕೆ ಕನ್ನಡದಲ್ಲಿ. ದನದ ಜಾತ್ರೆಯ ಹ್ಯಾಂಡ್‌ಬಿಲ್ಲು ಕನ್ನಡದಲ್ಲಿ. ಆಪರೇಷನ್ನಿಗೆ ಒಪ್ಪಿಗೆ ಕೊಡುವ ಫಾರಂ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಇಂಗ್ಲಿಷಿನಲ್ಲೇ ಅಚ್ಚಾಗಿ ಹೋಗುತ್ತದೆ. ಕೆಳಗೆ ಹೆಬ್ಬೆಟ್ಟಿಗೆ ಒಂದು ಖಾಲಿ ಚೌಕ. ಓದಲು ಬಾರದವರು ಬರುತ್ತಾರೆಂದು ಗೊತ್ತಿದ್ದೇ ಆ ಚೌಕ ಇಟ್ಟಿದ್ದಾರೆ. ಅವರಿಗೆ ಓದಿ ಹೇಳಲು ನಾಲ್ಕು ಸಾಲು ಕನ್ನಡ ಇಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ!

ಆದ್ದರಿಂದ ಇವತ್ತಿನ ನನ್ನ ವಿಷಯ ಜನನಾಂಗ. ನೋಡಿ, ಹಿಂದಿನ ಸಾಲಿನಲ್ಲಿ ಆಗಲೇ ನಗು ಶುರುವಾಯಿತು. ನಗಿ. ನಗು ಮುಗಿದ ಮೇಲೆ ಕೇಳಿ.

ದನದ ಕನ್ನಡ, ಜನರ ಮೌನ

ನಮ್ಮ ಕಡೆಯ ಯಾವ ರೈತನ ಮನೆಗೆ ಬೇಕಾದರೂ ಹೋಗಿ. ‘ಎಮ್ಮಿ ಬೆದಿಗೆ ಬಂದೈತಿ’ ಎನ್ನುತ್ತಾರೆ. ‘ಗಬ್ಬ ಐತಿ’, ‘ಈದೈತಿ’, ‘ಮಾಸ ಇನ್ನೂ ಬಿದ್ದಿಲ್ಲ’ ಎನ್ನುತ್ತಾರೆ. ಈದ ಮೊದಲ ಹಾಲಿಗೆ ಗಿಣ್ಣ, ಇನ್ನೂ ಈಯದ ಎಳೆಯದಕ್ಕೆ ಕಡಸು, ಗಬ್ಬ ನಿಲ್ಲದ್ದಕ್ಕೆ ಗೊಡ್ಡು. ಮಾವ, ಸೊಸೆ, ಮೊಮ್ಮಗ ಕೂಡಿ ಕುಳಿತೇ ಇದನ್ನೆಲ್ಲ ಮಾತಾಡುತ್ತಾರೆ. ಯಾರಿಗೂ ನಾಚಿಕೆಯಿಲ್ಲ. ಯಾಕೆ ನಾಚಬೇಕು? ಅದು ಬದುಕಿನ ಮಾತು.

ಇದು ಇವತ್ತಿನದೂ ಅಲ್ಲ. ಚಾಲುಕ್ಯರ ಅರಸು ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಎಂಬ ಗ್ರಂಥ ಬರೆದು ಒಂಬೈನೂರು ವರ್ಷವಾಗಿದೆ. ದನದ ರೋಗ, ಔಷಧಿಯ ಗ್ರಂಥ. ಬರೆದದ್ದು ಕನ್ನಡದಲ್ಲಿ! ಅದೇ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಮನುಷ್ಯರ ವೈದ್ಯದ ‘ಕರ್ಣಾಟಕ ಕಲ್ಯಾಣಕಾರಕ’ ಬರೆದ. ಅದೂ ಕನ್ನಡವೇ. ವಿಜ್ಞಾನಕ್ಕೆ ಕನ್ನಡ ಸಾಲದು ಎನ್ನುವವರು ಮೊದಲು ಇವರಿಬ್ಬರಿಗೆ ಉತ್ತರ ಹೇಳಲಿ.

ಇನ್ನು ಅದೇ ಮನೆಯ ಹೆಣ್ಣುಮಗಳಿಗೆ ಹೊಟ್ಟೆನೋವು ಬರಲಿ. ಮಾತು ನಿಂತುಹೋಗುತ್ತದೆ. ‘ಅಲ್ಲಿ ನೋವು’, ‘ಕೆಳಗ ಒಂದೀಟು ತ್ರಾಸ’ ಎನ್ನುತ್ತಾಳೆ. ಅಲ್ಲಿ ಎಂದರೆ ಎಲ್ಲಿ? ಕೆಳಗೆ ಎಂದರೆ ಏನು? ಎಮ್ಮೆಯ ಮಾಸು ಬಿದ್ದಿತೋ ಇಲ್ಲವೋ ಎಂದು ಊರಿಗೇ ಹೇಳುವವಳಿಗೆ ತನ್ನ ಮೈಯ ನೋವಿಗೆ ಹೆಸರಿಲ್ಲ.

ಕೊಟ್ಟಿಗೆಯಿಂದ ಕಲಿಯೋಣ ಬನ್ನಿ

ಶಹರದಲ್ಲಿ ಬೆಳೆದ ನಿಮಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಕಳ ಗರ್ಭಕೋಶಕ್ಕೆ ಎರಡು ಕವಲು. ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಒಂದು ಕವಲಿನಲ್ಲಿ ಕರು ಬೆಳೆಯುತ್ತದೆ. ನಾಯಿಯದೂ ಎರಡು ಕವಲು, ಆದರೆ ಉದ್ದ. ಅವರೆಕಾಯಿಯಲ್ಲಿ ಕಾಳು ಕೂತಂತೆ ಅದರಲ್ಲಿ ಮರಿಗಳು ಸಾಲಾಗಿ ಕೂತಿರುತ್ತವೆ. ಇಲ್ಲೇ ಪಕ್ಕದ ಮುಧೋಳದ ನಾಯಿ ಜಗತ್ತಿಗೆ ಗೊತ್ತು; 2005ರಲ್ಲಿ ಅದರ ಅಂಚೆಚೀಟಿಯೇ ಬಂತು. ಅದೂ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಆಕಳಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಹೆಣ್ಣುಮಗಳಿಗೆ ಕಡೆಯ ಮುಟ್ಟಿನಿಂದ ಲೆಕ್ಕ ಹಿಡಿದರೆ ಆಕಳಷ್ಟೇ, 280 ದಿನ.

ಹೆಣ್ಣಿನ ಗರ್ಭಕೋಶಕ್ಕೆ ಕವಲಿಲ್ಲ. ಒಂದೇ ಕೋಣೆ. ಬಸಿರಿಲ್ಲದಾಗ ಬುಡಮೇಲಾದ ಸಣ್ಣ ಪೇರಲ ಹಣ್ಣಿನಂತೆ, ಏಳೆಂಟು ಸೆಂಟಿಮೀಟರ್ ಉದ್ದ. ಅದರ ಕೆಳತುದಿಯೇ ಗರ್ಭಕೊರಳು. ಮೇಲೆ ಎಡಬಲಕ್ಕೆ ಎರಡು ಅಂಡನಾಳ. ಅವುಗಳ ಬದಿಯಲ್ಲಿ ಬಾದಾಮಿ ಬೀಜದ ಆಕಾರದ ಎರಡು ಅಂಡಾಶಯ. ಈ ಅಂಗಗಳ ಹೆಸರು ಹೇಳಲು ನನಗೆ ಒಂದಾದರೂ ಇಂಗ್ಲಿಷ್ ಶಬ್ದ ಬೇಕಾಯಿತೇ?

ಈದ ಆಕಳ ಮಾಸನ್ನು ಜಗ್ಗಬಾರದು ಎಂದು ಹಿರಿಯರು ಹೇಳುತ್ತಾರೆ. ಕಾರಣವಿದೆ. ಆಕಳ ಗರ್ಭಕೋಶದ ಒಳಗೋಡೆಯಲ್ಲಿ ನೂರರ ಆಸುಪಾಸು ಗಂಟುಗಳಿರುತ್ತವೆ. ಅಂಗಿಯ ಗುಂಡಿ ಕಾಜಕ್ಕೆ ಸಿಕ್ಕಂತೆ ಮಾಸು ಅವಕ್ಕೆ ಸಿಕ್ಕಿರುತ್ತದೆ. ಜಗ್ಗಿದರೆ ಗೋಡೆಯೇ ಹರಿಯುತ್ತದೆ. ಮನುಷ್ಯರ ಮಾಸು ಒಂದೇ ದಪ್ಪ ರೊಟ್ಟಿಯಂತೆ ಒಂದೇ ಕಡೆ ಅಂಟಿರುತ್ತದೆ. ಆಕಾರ ಬೇರೆ, ಕೆಲಸ ಒಂದೇ: ತಾಯಿಯ ರಕ್ತದಿಂದ ಮಗುವಿಗೆ ಅನ್ನ.

ಬೀದಿಯಲ್ಲಿ ನಾಯಿಗಳು ಕೂಡಿಕೊಂಡು ಸಿಕ್ಕಿಬಿದ್ದಾಗ ಹುಡುಗರು ಕಲ್ಲು ಹೊಡೆಯುತ್ತಾರೆ, ನೀರು ಎರಚುತ್ತಾರೆ. ಗಂಡುನಾಯಿಯ ಶಿಶ್ನದ ಬುಡ ಒಳಗೆ ಗಡ್ಡೆಯಂತೆ ಊದಿಕೊಳ್ಳುತ್ತದೆ. ಅದು ಇಳಿಯುವವರೆಗೆ ಅವು ಬಿಡಿಸಿಕೊಳ್ಳಲಾರವು. ಅದು ಪ್ರಕೃತಿಯ ಏರ್ಪಾಡು. ಕಲ್ಲು ಬಿದ್ದು ಎಳೆದಾಡಿದರೆ ಎರಡಕ್ಕೂ ಗಾಯ. ಗೊತ್ತಿಲ್ಲದ್ದು ಹಿಂಸೆಯಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಗಂಡಸರ ಅಜ್ಞಾನ

ಈಗ ಗಂಡಸರ ಸರದಿ. ಹೋರಿಯ ಬೀಜ ಒಡೆಸಿದರೆ ಎತ್ತಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಚಿಮ್ಮಟದಲ್ಲಿ ಒತ್ತಿದಾಗ ವೃಷಣಕ್ಕೆ ಹೋಗುವ ರಕ್ತನಾಳವೇ ಜಜ್ಜಿಹೋಗುತ್ತದೆ. ವೃಷಣ ಸೊರಗಿ ಹೋರಿಯ ಗತ್ತು ಹೋಗುತ್ತದೆ. ಗಂಡಸರ ಸಂತಾನಹರಣ ಆಪರೇಷನ್ನೂ ಇದೇ ಎಂದು ನಮ್ಮವರು ನಂಬಿ ಕೂತಿದ್ದಾರೆ. ಅಲ್ಲ ಸ್ವಾಮಿ! ಅದರಲ್ಲಿ ವೃಷಣವನ್ನು ಮುಟ್ಟುವುದೇ ಇಲ್ಲ. ವೀರ್ಯಾಣು ಸಾಗಿಸುವ ಸಣ್ಣ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ಗಂಡಸುತನದ ರಸ ನಾಳದಲ್ಲಿ ಹರಿಯುವುದಲ್ಲ, ರಕ್ತದಲ್ಲಿ ಹರಿಯುವುದು. ಅದು ಮೊದಲಿನಂತೆಯೇ ಹರಿಯುತ್ತದೆ. ಹೊಟ್ಟೆ ಕೊಯ್ಯುವ ಕೆಲಸವೂ ಇಲ್ಲ.

ಆದರೂ ಏನಾಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿ ಆಪರೇಷನ್ ಮಾಡಿಸಿಕೊಂಡದ್ದು ಶೇಕಡಾ 37.9. ಗಂಡ ಮಾಡಿಸಿಕೊಂಡದ್ದು ಶೇಕಡಾ 0.3. ಮೀಸೆ ತಿರುವುವವರ ಧೈರ್ಯ ಇಷ್ಟೇ!

ಇನ್ನೊಂದು ಮಾತು. ಹೆಣ್ಣು ಹುಟ್ಟಿದರೆ ಸೊಸೆಯನ್ನು ಬಯ್ಯುತ್ತಾರೆ. ಮಗು ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ಅಪ್ಪನ ವೀರ್ಯಾಣುವಿನಿಂದ. ಅದು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಒಂದೇ. ಕೋಳಿಯಲ್ಲಿ ಇದು ತಿರುವುಮುರುವು. ಅಲ್ಲಿ ತಾಯಿಕೋಳಿಯ ಅಂಡವೇ ತೀರ್ಮಾನಿಸುತ್ತದೆ. ಹೊಳೆಯ ಮೊಸಳೆಗಾದರೋ ಮೊಟ್ಟೆ ಹೂತ ಮರಳಿನ ಬಿಸುಪೇ ತೀರ್ಮಾನ. ಸೊಸೆಯನ್ನು ಬಯ್ಯುವ ಅತ್ತೆ ಕೋಳಿಯ ಲೆಕ್ಕವನ್ನು ಮನುಷ್ಯರಿಗೆ ಹಚ್ಚುತ್ತಿದ್ದಾಳೆ.

ಚೀಲ ತೆಗೆಸಿದವರು

ಈಗ ನನ್ನ ಎದೆಯೊಳಗಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಗರ್ಭಕೋಶಕ್ಕೆ ‘ಗರ್ಭಚೀಲ’ ಎನ್ನುತ್ತಾರೆ. ‘ಆಕಿ ಚೀಲ ತೆಗಿಸ್ಯಾಳ’ ಎನ್ನುವುದು ಬಾವಿಕಟ್ಟೆಯ ಸಾಮಾನ್ಯ ಮಾತು. ಹಲ್ಲು ಕೀಳಿಸಿದಷ್ಟು ಹಗುರವಾಗಿ ಹೇಳುತ್ತಾರೆ.

ಚೀಲ ಎಂದರೆ ಯಾವುದು? ಗರ್ಭಕೋಶ ಒಂದೆಯೋ, ಜೊತೆಗೆ ಅಂಡಾಶಯವೂ ಹೋಯಿತೋ? ಕೇಳಿದರೆ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವ್ಯತ್ಯಾಸ ದೊಡ್ಡದು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಬಸಿರು ನಿಲ್ಲುತ್ತದೆ. ಅಂಡಾಶಯ ಅಂಡವನ್ನೂ ಕೊಡುತ್ತದೆ, ಎಲುಬು ಗಟ್ಟಿಯಾಗಿಡುವ, ಹೃದಯ ಕಾಯುವ ರಸವನ್ನೂ ಕೊಡುತ್ತದೆ. ಚಿಕ್ಕ ವಯಸ್ಸಿನಲ್ಲೇ ಎರಡೂ ಅಂಡಾಶಯ ತೆಗೆದರೆ ಮೂವತ್ತೈದರ ಹೆಣ್ಣುಮಗಳಿಗೆ ಒಂದೇ ದಿನದಲ್ಲಿ ಮುಟ್ಟು ನಿಂತ ಮುದುಕಿಯ ಮೈ ಬಂದಂತೆ. ಬೆವರು, ನಿದ್ದೆಗೇಡು, ಎಲುಬಿನ ಸವೆತ.

2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ, ಹಳ್ಳಿಗಳ ಹೆಣ್ಣುಮಕ್ಕಳ ಸಂಕಟ ಬಯಲಿಗೆ ಬಂತು. ಹೊಟ್ಟೆನೋವು, ಬಿಳಿ ಹೋಗುವುದು ಎಂದು ಹೋದವರಿಗೆ ‘ಚೀಲ ಕೆಟ್ಟಿದೆ, ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದಿದ್ದಾರೆ ಎಂಬ ದೂರು. ಬಹಳ ಮಂದಿ ಇನ್ನೂ 40 ಮುಟ್ಟದವರು. ಸರ್ಕಾರ ತನಿಖೆ ಮಾಡಿಸಬೇಕಾಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಥೆ ಹೊರಬಂತು. ಕಬ್ಬು ಕಡಿಯುವ ಹೆಣ್ಣುಮಕ್ಕಳ ಸಮೀಕ್ಷೆಯಲ್ಲಿ 82 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ 13 ಸಾವಿರಕ್ಕೂ ಮೇಲ್ಪಟ್ಟವರಿಗೆ ಗರ್ಭಕೋಶವೇ ಇರಲಿಲ್ಲ. ಮುಟ್ಟಿನ ದಿನ ರಜೆ ಹಾಕಿದರೆ ಮುಕಾದಮನ ದಂಡ, ಅದಕ್ಕೇ ಮುಟ್ಟಿನ ಮೂಲವನ್ನೇ ಕೀಳಿಸಿಕೊಂಡವರೂ ಅವರಲ್ಲಿದ್ದರು. ಗೆಳೆಯರೇ, ನಮ್ಮ ಭಾಗದ ಕಬ್ಬಿನ ಗದ್ದೆಗಳಿಗೂ ಮಹಾರಾಷ್ಟ್ರದ ಕಡೆಯಿಂದ ಗ್ಯಾಂಗಿನವರು ಬರುತ್ತಾರೆ. ನಾವು ತಿನ್ನುವ ಸಕ್ಕರೆಯಲ್ಲಿ ಯಾರ ನೋವಿದೆ ಎಂದು ಒಮ್ಮೆ ಯೋಚಿಸಿ.

ಒಂದು ಮಾತು ಸ್ಪಷ್ಟವಾಗಲಿ. ಡಾಕ್ಟರರೆಲ್ಲ ಕಟುಕರಲ್ಲ. ಕ್ಯಾನ್ಸರ್ ಇದ್ದಾಗ, ಹೆರಿಗೆಯ ರಕ್ತಸ್ರಾವ ನಿಲ್ಲದಾಗ, ಔಷಧಿಗೆ ಬಗ್ಗದ ಗಡ್ಡೆ ಇದ್ದಾಗ ಗರ್ಭಕೋಶ ತೆಗೆಯುವುದು ಜೀವ ಉಳಿಸುವ ಕೆಲಸ. ಹೆದರಿ ಮನೆಯಲ್ಲಿ ಕೂರಬೇಡಿ. ಆದರೆ ಬಿಳಿ ಹೋಗುವುದಕ್ಕೆ ಬಹಳ ಸಲ ಮಾತ್ರೆ ಸಾಕು. ಯಾವುದು ಯಾವುದಕ್ಕೆ ಎಂದು ಕೇಳಬೇಕಾದರೆ ಕೇಳುವ ಶಬ್ದ ಬಾಯಲ್ಲಿರಬೇಕು!

ಕಾನೂನು ನಮ್ಮ ಕಡೆಗಿದೆ

ಗರ್ಭದೊಳಗಿನ ಶಿಶುವಿನ ಪರೀಕ್ಷೆಗೆ 1994ರ ಕಾನೂನಿದೆ. ಆಕೆಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಅದು ಹೇಳುತ್ತದೆ. ಸ್ಕ್ಯಾನಿಂಗ್ ಕೇಂದ್ರದಲ್ಲಿ ‘ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಸ್ಥಳೀಯ ಭಾಷೆಯಲ್ಲೂ ಇರಲೇಬೇಕು. ಅಂದರೆ ಸರ್ಕಾರಕ್ಕೆ ಮನಸ್ಸಿದ್ದಾಗ ಜನರ ಭಾಷೆ ನೆನಪಾಗುತ್ತದೆ!

2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ ಹೆಣ್ಣುಮಗಳ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಹೊರಗೆ ಕೂತ ತಾಯಿಯ ಒಪ್ಪಿಗೆ ಪಡೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯುವುದಕ್ಕೆ ಒಪ್ಪಿಗೆಯಲ್ಲ, ತಿಳಿದು ಕೊಟ್ಟದ್ದೇ ಒಪ್ಪಿಗೆ ಎಂದಿತು ನ್ಯಾಯಾಲಯ. 2023ರಲ್ಲಿ ಅದೇ ಸುಪ್ರೀಂ ಕೋರ್ಟು, ಅನವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ನಾನು ಕೇಳುವುದಿಷ್ಟೇ: ತಿಳಿದು ಒಪ್ಪಬೇಕಾದರೆ ತಿಳಿಯುವ ಭಾಷೆ ಬೇಡವೇ? ಇಂಗ್ಲಿಷ್ ಫಾರಂ ಮೇಲಿನ ಹೆಬ್ಬೆಟ್ಟು ಒಪ್ಪಿಗೆಯೋ, ಬರೀ ಶಾಯಿಯ ಗುರುತೋ?

ನಿಮ್ಮಿಂದ ಆಗಬೇಕಾದದ್ದು

ಮೊದಲನೆಯದು, ಬೋರ್ಡು ನೋಡಿ ಹಿಂದಿರುಗಬೇಡಿ. ಆಸ್ಪತ್ರೆಯ ಒಳಗೆ ಹೋಗಿ ಒಪ್ಪಿಗೆ ಪತ್ರ ಕೇಳಿ. ಅದು ಕನ್ನಡದಲ್ಲಿರಬೇಕು. ಯಾವ ಅಂಗ ತೆಗೆಯುತ್ತಾರೆ, ಯಾವುದು ಉಳಿಯುತ್ತದೆ ಎಂದು ಚಿತ್ರದ ಮೇಲೆ ಗುರುತು ಹಾಕಿರಬೇಕು. ಸಹಿಗೆ ಮುಂಚೆ ಓದಿ ಹೇಳಬೇಕು. ಮನವಿ ಕೊಡಿ. ಕೇಳದಿದ್ದರೆ ಧರಣಿ ಕೂರಿ. ರೋಗಿಗೆ, ನರ್ಸಿಗೆ ತೊಂದರೆಯಾಗದಂತೆ ಕೂರಿ.

ಎರಡನೆಯದು, ನಿಮ್ಮ ಅವ್ವ, ಅಕ್ಕ, ಹೆಂಡತಿಗೆ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸಿ. ಯಾವ ಅಂಗ ತೆಗೆಯುತ್ತೀರಿ? ಯಾಕೆ? ಔಷಧಿಯಲ್ಲಿ ಆಗುವುದಿಲ್ಲವೇ? ಅಂಡಾಶಯ ಉಳಿಯುತ್ತದೆಯೇ? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕಾಣಲಿ.

ಮೂರನೆಯದು, ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಕನ್ನಡದಲ್ಲೇ ಇದೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಮಾಸ್ತರು ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾರಿಸಿದರು? ಕೈ ಎತ್ತಿ. ನೋಡಿ, ಎಷ್ಟು ಕೈ! ಆ ಪಾಠ ಮಾಡಿಸುವುದೂ ಕನ್ನಡ ಚಳವಳಿಯೇ. ಡಾ. ಅನುಪಮಾ ನಿರಂಜನ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಬರೆದು ಎಷ್ಟು ಮನೆಗಳಿಗೆ ಬೆಳಕು ಕೊಟ್ಟರು! ವೈದ್ಯರು ಕನ್ನಡದಲ್ಲಿ ಬರೆದರೆ ಜನ ಓದುತ್ತಾರೆ.

ನಾಲ್ಕನೆಯದು, ಗಂಡುಮಕ್ಕಳೇ, ಇದು ನಿಮಗೆ. ಈ ಅಂಗಗಳ ಕನ್ನಡ ಹೆಸರು ನಮ್ಮ ಬಾಯಲ್ಲಿ ಬರುವುದು ಬೈಯುವಾಗ ಮಾತ್ರ. ಹೋರಾಟದ ಮೆರವಣಿಗೆಯಲ್ಲೂ ತಾಯಿ, ತಂಗಿ ಎಂದು ಶುರು ಮಾಡುತ್ತೇವೆ. ಶಬ್ದವನ್ನು ನಾವು ಹೊಲಸು ಮಾಡಿದೆವು, ಅದಕ್ಕೇ ಹೆಣ್ಣುಮಗಳು ಅದನ್ನು ಡಾಕ್ಟರ ಮುಂದೆಯೂ ಆಡಲಾರಳು. ಹರಿದಾಸಿ ಗಲಗಲಿ ಅವ್ವ ಕನ್ನಡದಲ್ಲಿ ಹಾಡು ಕಟ್ಟಿದ ಹೆಸರಿನ ಊರಿದು. ಇಲ್ಲಿಂದಲೇ ಶುರು ಮಾಡಿ: ಹೆಣ್ಣಿನ ಅಂಗದ ಹೆಸರಿನಲ್ಲಿ ಇನ್ನು ಯಾರನ್ನೂ ಬೈಯುವುದಿಲ್ಲ.

ನನ್ನ ಪಾಲಿನದು ಹೇಳಿಬಿಡುತ್ತೇನೆ. ವೈದ್ಯರು ನೋಡಿ ಒಪ್ಪಿದ ಒಪ್ಪಿಗೆ ಪತ್ರ, ಅಂಗಗಳ ಚಿತ್ರಪಟ ಕನ್ನಡದಲ್ಲಿ ತಯಾರು ಮಾಡಿಕೊಡಿ. ಕಾಗದ ನೀವು ತನ್ನಿ. ಅಚ್ಚಿನ ಕೂಲಿ ನನಗೆ ಬೇಡ. ಇನ್ನು ಹೊರಡಿ, ಕೆಲಸ ಬಹಳವಿದೆ.

ಜೈ ಕರ್ನಾಟಕ!