ಹೃದಯಾಘಾತವಾದ ಮೇಲೆ ಎರಡನೇ ಸಲ ಆಸ್ಪತ್ರೆಗೆ ಯಾವಾಗ?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಗೊಬ್ಬರ, ಸಾಲ, ವಸೂಲಾತಿ ಬಿಟ್ಟು ಬೇರೆ ಮಾತಾಡಿ ನಮಗೆ ಅಭ್ಯಾಸವಿಲ್ಲ. ಆದರೂ ಇವತ್ತು ಹೃದಯದ ಕಾಯಿಲೆ ಬಗ್ಗೆ ನಾಲ್ಕು ಮಾತು ಆಡಬೇಕೆನಿಸಿದೆ. ನಾವು ಎಸ್ಸೆಸ್ಸೆಲ್ಸಿ ಓದಿದ ರೈತರು, ಡಾಕ್ಟರಲ್ಲ. ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇವೆ. ನಿಮ್ಮ ಡಾಕ್ಟರ ಮಾತೇ ಕೊನೆ.

ಹೃದಯಾಘಾತ ಅಂದರೆ ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ಇಸಿಜಿಯಲ್ಲಿ ತಿಳಿದ ಮೇಲೆ ಎರಡು ಗಂಟೆಯೊಳಗೆ ಸ್ಟೆಂಟ್ ಹಾಕಿ ತೆರೆಸಿದರೆ ಅದೇ ಉತ್ತಮ. ದೇವರಮನೆ, ಗುತ್ತಿ ಕಡೆಯವರಿಗೆ ಇದು ಎಲ್ಲಿ ಸಾಧ್ಯ? ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಬಂದ್ ಆಗಿತ್ತಲ್ಲ! ಹಾಗಾಗಿ ನಮ್ಮಂಥವರಿಗೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಮಂಗಳೂರಿನ ಡಾ. ಪದ್ಮನಾಭ ಕಾಮತರು ಹಳ್ಳಿಯ ಡಾಕ್ಟರುಗಳನ್ನು ವಾಟ್ಸಾಪ್‌ನಲ್ಲಿ ಸೇರಿಸಿ, ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಮುಟ್ಟಿಸಿದ್ದೂ ಮಲೆನಾಡಿಗೆ ಉಪಕಾರವಾಗಿದೆ. ಎದೆನೋವನ್ನು ವಾಯು ಅಂತ ಓಮದ ಕಷಾಯ ಕುಡಿದು ಮಲಗುವವರಿಗೆ ಇದ್ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ, ಆ ಮಾತು ಬೇರೆ.

ಇಂಜೆಕ್ಷನ್ ಹಾಕಿ ನೋವು ಇಳಿದರೆ ನಮ್ಮವರು 'ಗುಣ ಆಯ್ತು, ಮನೆಗೆ ಹೋಗುವಾ' ಅನ್ನುತ್ತಾರೆ. ಆಗಿರುವುದಿಲ್ಲ ಮಾರಾಯ್ರೆ. ಹೆಪ್ಪು ಕರಗಿದರೂ ನಾಳ ಕಿರಿದಾಗಿದ್ದ ಜಾಗ ಹಾಗೇ ಇರುತ್ತದೆ, ಮತ್ತೆ ಮುಚ್ಚಬಹುದು. ಇಂಜೆಕ್ಷನ್ ಆದ 3ರಿಂದ 24 ಗಂಟೆಯೊಳಗೆ ದೊಡ್ಡ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಆಗಬೇಕು. ಒಂದು, ಒಂದೂವರೆ ಗಂಟೆಯಲ್ಲಿ ನೋವೂ ಇಳಿಯದೆ, ಇಸಿಜಿಯೂ ಸುಧಾರಿಸದಿದ್ದರೆ 24 ಗಂಟೆ ಲೆಕ್ಕವೇ ಇಲ್ಲ, ತಕ್ಷಣ ಹೊರಡಬೇಕು.

ಇನ್ನು ಮುಖ್ಯ ವಿಷಯ. ಸ್ಪ್ರಿಂಕ್ಲರ್ ಪೈಪ್ ಒಂದು ಕಡೆ ಕಟ್ಟಿಕೊಂಡರೆ ಉಳಿದ ಪೈಪಿನಲ್ಲೂ ಪಾಚಿ ಇರುವುದು ನಿಮಗೆ ಗೊತ್ತು. ಹೃದಯದ್ದೂ ಹಾಗೇ. ಮುಚ್ಚಿದ ನಾಳ ತೆರೆಸಿದ ಮೇಲೆ, ಕಿರಿದಾದ ಇನ್ನೊಂದು ನಾಳಕ್ಕೂ ಸ್ಟೆಂಟ್ ಬೇಕೇ? 2019ರಲ್ಲಿ ಪ್ರಕಟವಾದ 'ಕಂಪ್ಲೀಟ್' ಎಂಬ ಅಧ್ಯಯನದಲ್ಲಿ 31 ದೇಶಗಳ 4041 ರೋಗಿಗಳನ್ನು ಸುಮಾರು ಮೂರು ವರ್ಷ ನೋಡಿದರು. ಒಂದೇ ನಾಳ ತೆರೆಸಿದವರಲ್ಲಿ ನೂರಕ್ಕೆ 10.5 ಮಂದಿಗೆ ಹೃದಯದಿಂದ ಸಾವು ಇಲ್ಲವೇ ಮತ್ತೆ ಆಘಾತ. ಉಳಿದದ್ದನ್ನೂ ತೆರೆಸಿದವರಲ್ಲಿ 7.8. ಆಸ್ಪತ್ರೆಯಲ್ಲಿದ್ದಾಗಲೇ ಮಾಡಿಸಲಿ, ಮನೆಗೆ ಬಂದು 45 ದಿನದೊಳಗೆ ಮಾಡಿಸಲಿ, ಲಾಭ ಒಂದೇ ತೆರನಾಗಿತ್ತು. ಸ್ಥಿತಿ ಗಟ್ಟಿಯಿರುವವರಿಗೆ ಮೊದಲ ದಿನವೇ ಎಲ್ಲವನ್ನೂ ತೆರೆದರೂ ತೊಂದರೆಯಿಲ್ಲವೆಂದು 2023ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು.

ನಮ್ಮ ಕಷ್ಟ ಇರುವುದು ಈ 45 ದಿನದಲ್ಲೇ. ಸದಸ್ಯರೊಬ್ಬರು ಡಿಸೆಂಬರಿನಲ್ಲಿ ಒಂದು ಸ್ಟೆಂಟ್ ಹಾಕಿಸಿಕೊಂಡು ಬಂದರು. ಇನ್ನೊಂದಕ್ಕೆ ಜನವರಿ ಕೊನೆಗೆ ಬನ್ನಿ ಅಂದಿದ್ದರು. ಅಷ್ಟರಲ್ಲಿ ರೋಬಸ್ಟಾ ಕೊಯ್ಲು. ಆಳು ಸಿಕ್ಕಿದ್ದಾರೆ, ಮುಗಿಸಿ ಹೋಗುತ್ತೇನೆ ಅಂದರು. ಮಾರ್ಚಿಯಲ್ಲಿ ಮತ್ತೆ ಆಘಾತ. ಜೀವ ಉಳಿಯಿತು. ಈಗ ತೋಟದ ಅರ್ಧ ಏರಿಗೇ ಕೂತುಬಿಡುತ್ತಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇವೆ.

ಹಾಗಂತ ಎಲ್ಲರಿಗೂ ಎಲ್ಲ ನಾಳಕ್ಕೂ ಸ್ಟೆಂಟ್ ಬೇಕೆಂದಲ್ಲ. ರಕ್ತದೊತ್ತಡ ಕುಸಿದು ತೀರಾ ಗಂಭೀರವಾದವರಿಗೆ ಮೊದಲು ಮುಚ್ಚಿದ ನಾಳ ಮಾತ್ರ. ಆಘಾತವಾಗಿ ಮೂರು ದಿನ ಕಳೆದು ಬಂದವರಲ್ಲಿ ನಾಳ ಪೂರ್ತಿ ಮುಚ್ಚಿದ್ದು, ನೋವಿಲ್ಲದಿದ್ದರೆ, ಆಮೇಲೆ ತೆರೆಸಿ ಲಾಭವಿಲ್ಲವೆಂದು 2006ರಲ್ಲೇ ತಿಳಿದಿದೆ. ಆಗ ಡಾಕ್ಟರು ಬೇಡ ಅಂದರೆ ಅದು ಉದಾಸೀನವಲ್ಲ. ಹಾಗೇ, ರಕ್ತ ತೆಳು ಮಾಡುವ ಮಾತ್ರೆಯನ್ನು ಡಾಕ್ಟರು ಹೇಳದೆ ಒಂದು ದಿನವೂ ಬಿಡಬೇಡಿ, ಹಲ್ಲು ಕೀಳಿಸುವುದಿದ್ದರೂ ಕೇಳಿಯೇ ಮುಂದಿನ ಮಾತು.

ಖರ್ಚಿನ ವಿಷಯ. ಸಹಕಾರ ಸಂಘದ ಸದಸ್ಯರಿಗೆಂದೇ 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜಾರಿಗೆ ಬಂತು. ನೋಂದಣಿಗೆ ಅವಧಿ ಇರುತ್ತದೆ. ನೋವು ಬಂದ ಮೇಲೆ ಹಣ ಕಟ್ಟುತ್ತೇನೆ ಅಂದರೆ ಆಗುವುದಿಲ್ಲ. ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ಎರಡನೇ ಸಲದ ಸ್ಟೆಂಟಿಗೂ ಸಿಗುತ್ತದೆಯೇ ಎಂಬುದನ್ನು ಮೊದಲ ಸಲ ಬಿಡುಗಡೆಯಾಗುವಾಗಲೇ ಕೇಳಿ, ಚೀಟಿಯಲ್ಲಿ ತಾರೀಕು ಬರೆಸಿಕೊಂಡು ಬನ್ನಿ. ಆ ತಾರೀಕಿಗೆ ಕೊಯ್ಲು ಬಿದ್ದರೆ ಸಂಘಕ್ಕೆ ಒಂದು ಮಾತು ತಿಳಿಸಿ. ಕಣ ನೋಡಿಕೊಳ್ಳಲು ನಾವು ನಿರ್ದೇಶಕರು ಸರದಿಯ ಮೇಲೆ ಬರುತ್ತೇವೆ, ಇದನ್ನು ಆಡಳಿತ ಮಂಡಳಿಯಲ್ಲಿ ಮಾತಾಡಿಕೊಂಡೇ ಹೇಳುತ್ತಿದ್ದೇವೆ.

ಊಟದ ಹೊತ್ತಾಯಿತು.