ಒಂದು ಊರಿನ ಫೋನು ಕೆಟ್ಟರೆ ಇನ್ನೊಂದು ಊರು ಎತ್ತಬೇಕು



ನಡುರಾತ್ರಿ ನಿಮ್ಮ ಓಣಿಗೆ ಕಳ್ಳರು ಬಂದರು, ಇಲ್ಲವೇ ಹೊಲದಲ್ಲಿ ಬಣವಿಗೆ ಬೆಂಕಿ ಬಿತ್ತು ಅನ್ನಿ. ನೀವು 112 ಒತ್ತುತ್ತೀರಿ. ಆ ಫೋನು ಎಲ್ಲಿ ರಿಂಗಾಗುತ್ತದೆ? ಅಕ್ಕಲಕೋಟೆಯ ಠಾಣೆಯಲ್ಲಿ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ ಮಹಾರಾಷ್ಟ್ರದ 112ರ ಮುಖ್ಯ ಕೇಂದ್ರ ಇರುವುದು ನವಿ ಮುಂಬಯಿಯಲ್ಲಿ, ಎರಡನೆಯದು ನಾಗಪುರದಲ್ಲಿ. ಅಲ್ಲಿ ಕುಳಿತವರು ನಿಮ್ಮ ಮಾತು ಕೇಳಿ, ಕಂಪ್ಯೂಟರಿನಲ್ಲಿ ಬರೆದುಕೊಂಡು, ನಿಮಗೆ ಹತ್ತಿರವಿರುವ ಪೊಲೀಸ್ ಗಾಡಿಗೆ ಸುದ್ದಿ ಮುಟ್ಟಿಸುತ್ತಾರೆ.

ಒಂದೇ ಕೆಲಸಕ್ಕೆ ಎರಡು ಊರು ಯಾಕೆ ಎಂದು ನೀವು ಕೇಳಬಹುದು. ಒಂದು ಕಡೆ ಕರೆಂಟು ಹೋಯಿತು, ಮಳೆಗೆ ನೀರು ನುಗ್ಗಿತು, ಯಂತ್ರ ಕೆಟ್ಟಿತು ಎಂದರೆ ಇನ್ನೊಂದು ಕಡೆ ಫೋನು ಎತ್ತಬೇಕು, ಅದಕ್ಕೆ. ಕಂಪ್ಯೂಟರಿನವರು ಇದಕ್ಕೆ ಫೇಲ್‌ಓವರ್ ಎನ್ನುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಕರ್ನಾಟಕದ 108 ಆಂಬುಲೆನ್ಸ್ ಸೇವೆಯ ಯಂತ್ರ ಕೆಟ್ಟು, ರೋಗಿಗಳ ಮನೆಯವರು ಫೋನು ಹಚ್ಚಿ ಹಚ್ಚಿ ಕಂಗಾಲಾದದ್ದನ್ನು ಹೊಳೆಯಾಚೆ ನೆಂಟರಿರುವವರು ಕೇಳಿರಬೇಕು.

ಆದರೆ ಎರಡನೆಯ ಕೇಂದ್ರ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಮೆರಿಕದಲ್ಲಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ, ಸ್ವಲ್ಪ ವಿವರವಾಗಿ.

ಅಲ್ಲಿ ನಮ್ಮ 112ರ ಹಾಗೆ 911 ಎಂಬ ನಂಬರು. ಹಲವು ರಾಜ್ಯಗಳ 911 ಕರೆಗಳನ್ನು ಆಯಾ ಊರಿನ ಪೊಲೀಸರಿಗೆ ಸಾಗಿಸುವ ಗುತ್ತಿಗೆ ಇಂಟ್ರಾಡೊ ಎಂಬ ಕಂಪನಿಯದು. ಅದಕ್ಕೂ ಎರಡು ಕೇಂದ್ರಗಳಿದ್ದವು. ಒಂದು ಕೊಲರಾಡೊ ರಾಜ್ಯದ ಎಂಗಲ್‌ವುಡ್‌ನಲ್ಲಿ, ಇನ್ನೊಂದು ದೂರದ ಮಯಾಮಿಯಲ್ಲಿ. ಬರುವ ಪ್ರತಿ ಕರೆಗೂ ಎಂಗಲ್‌ವುಡ್‌ನ ಯಂತ್ರ ಒಂದು ನಂಬರು ಕೊಡುತ್ತಿತ್ತು, ಬ್ಯಾಂಕಿನಲ್ಲಿ ನಾವು ಟೋಕನ್ ಕೊಡುವ ಹಾಗೆ. ನಂಬರು ಸಿಕ್ಕರೆ ಮಾತ್ರ ಕರೆ ಮುಂದೆ ಹೋಗಬೇಕು. ಯಂತ್ರಕ್ಕೆ ಲೆಕ್ಕ ಬರೆದವರು ನಾಲ್ಕು ಕೋಟಿಯ ತನಕ ಎಂದು ಮಿತಿ ಹಾಕಿದ್ದರು. ಯಾಕೆ ಅಷ್ಟೇ ಎಂದರೆ, ಯಾರೋ ಮನಸ್ಸಿಗೆ ಬಂದದ್ದನ್ನು ಬರೆದದ್ದು. 2014ರ ಏಪ್ರಿಲ್ 9ರ ರಾತ್ರಿ, ಪಶ್ಚಿಮದ ಕಡಲತೀರದಲ್ಲಿ ಇನ್ನೇನು ಹನ್ನೆರಡು ಹೊಡೆಯಬೇಕು, ಆ ನಾಲ್ಕು ಕೋಟಿ ತುಂಬಿತು. ಟೋಕನ್ ಮುಗಿಯಿತು.

ಮಳೆಯಿಲ್ಲ, ಗಾಳಿಯಿಲ್ಲ. ಕರೆಂಟು ಇದೆ, ದೀಪ ಉರಿಯುತ್ತಿದೆ, ಯಂತ್ರ ನಡೆಯುತ್ತಲೇ ಇದೆ. ಕರೆ ಮಾತ್ರ ಮುಂದೆ ಹೋಗದು. ಅತ್ತ ಮಯಾಮಿಯ ಯಂತ್ರ ಗಟ್ಟಿಮುಟ್ಟಾಗಿ ಕುಳಿತಿತ್ತು. ಎಂಗಲ್‌ವುಡ್ ಸತ್ತಿಲ್ಲವಾದ್ದರಿಂದ ಕರೆಗಳು ತಾವಾಗಿ ಮಯಾಮಿಗೆ ತಿರುಗಲಿಲ್ಲ. ಎಚ್ಚರಿಕೆಯ ಗಂಟೆಯೇನೋ ಬಾರಿಸಿತು, ಆದರೆ ಅದನ್ನು ಸಣ್ಣ ದೋಷದ ಪಟ್ಟಿಗೆ ಸೇರಿಸಿದ್ದರಂತೆ, ಯಾರೂ ಲಕ್ಷ್ಯ ಕೊಡಲಿಲ್ಲ. ಸುಮಾರು ಆರು ತಾಸು ಹೀಗೆ ನಡೆಯಿತು. ಏಳು ರಾಜ್ಯಗಳ ಒಂದು ಕೋಟಿ ಹತ್ತು ಲಕ್ಷ ಜನರಿಗೆ ಈ ಸೇವೆಯ ಆಸರೆ ತಪ್ಪಿತು. 6,600ಕ್ಕೂ ಹೆಚ್ಚು ಕರೆಗಳು ಯಾರಿಗೂ ಮುಟ್ಟಲಿಲ್ಲ. ಹೆಚ್ಚಿನವು ವಾಷಿಂಗ್ಟನ್ ರಾಜ್ಯದವು (ರಾಜಧಾನಿ ವಾಷಿಂಗ್ಟನ್ ಬೇರೆ, ಇದು ಪಶ್ಚಿಮದ ರಾಜ್ಯ). ಅಲ್ಲಿ ಒಬ್ಬ ಹೆಣ್ಣುಮಗಳು, ಮನೆಗೆ ಯಾರೋ ನುಗ್ಗುತ್ತಿದ್ದಾಗ, 37 ಸಲ ಆ ನಂಬರು ಒತ್ತಿದಳು. ಕಡೆಗೆ ಮನುಷ್ಯರೇ ಕೈಯಿಂದ ಕರೆಗಳನ್ನು ಮಯಾಮಿಗೆ ತಿರುಗಿಸಿದ ಮೇಲೆ ಸೇವೆ ಶುರುವಾಯಿತು. ಇದು ತಪ್ಪಿಸಬಹುದಾಗಿದ್ದ ಅನಾಹುತ ಎಂದು ಅಲ್ಲಿಯ ಸರಕಾರದ ದೂರಸಂಪರ್ಕ ಆಯೋಗ ಅದೇ ವರ್ಷ ವರದಿ ಬರೆಯಿತು.

ಈಗ ಬ್ಯಾಂಕಿನ ಮಾತು. ನಮ್ಮ ಶಾಖೆಯ ತಿಜೋರಿಗೆ ಎರಡು ಜೊತೆ ಕೀಲಿಕೈ ಇರುತ್ತಿದ್ದವು. ಎರಡನೆಯ ಜೊತೆ ಬೇರೆ ಊರಿನ ಶಾಖೆಯಲ್ಲಿ, ಲಕೋಟೆಯಲ್ಲಿ ಅರಗಿನ ಮುದ್ರೆಯೊಂದಿಗೆ. ಆದರೆ ಅದನ್ನು ಅಲ್ಲೇ ತುಕ್ಕು ಹಿಡಿಯಲು ಬಿಡುತ್ತಿರಲಿಲ್ಲ. ಕಾಲಕಾಲಕ್ಕೆ ತರಿಸಿ, ಅದನ್ನೇ ಬಳಕೆಗೆ ಹಾಕಿ, ಬಳಸುತ್ತಿದ್ದುದನ್ನು ಆ ಊರಿಗೆ ಕಳಿಸುತ್ತಿದ್ದೆವು. ಎರಡೂ ಜೊತೆ ತಿಜೋರಿ ತೆರೆಯುತ್ತವೆ ಎಂಬುದು ಹೀಗೆ ಖಾತ್ರಿಯಾಗುತ್ತಿತ್ತು. ಎರಡು ಊರಿನ ಕಾಲ್ ಸೆಂಟರಿಗೂ ಇದೇ ಬೇಕು. ತಿಂಗಳಲ್ಲಿ ಕೆಲವು ದಿನ ಎರಡನೆಯ ಊರೇ ಎಲ್ಲ ಕರೆ ಎತ್ತಲಿ. ರಿಸರ್ವ್ ಬ್ಯಾಂಕ್ 2023ರ ನವೆಂಬರಿನ ನಿರ್ದೇಶನದಲ್ಲಿ, ಬ್ಯಾಂಕುಗಳು ತಮ್ಮ ಮುಖ್ಯ ಕಂಪ್ಯೂಟರ್ ವ್ಯವಸ್ಥೆಗಳಿಗೆ ಕನಿಷ್ಠ ಆರು ತಿಂಗಳಿಗೊಮ್ಮೆ ಇಂಥ ತಾಲೀಮು ಮಾಡಬೇಕೆಂದು ಹೇಳಿದೆ. ತಾಲೀಮು ಬೆಳಗಿನ ಜಾವದ ಖಾಲಿ ಹೊತ್ತಿನಲ್ಲಿ ಮಾಡಿದರೆ ಏನೂ ತಿಳಿಯದು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಂಥ ಗದ್ದಲದ ದಿನದ ಭಾರವನ್ನು ಅದು ತಡೆಯುತ್ತದೆಯೇ ಎಂದು ನೋಡಬೇಕು.

ಭಾರದ ಮಾತು ಎತ್ತುಗಳಿದ್ದವರಿಗೆ ಬೇಗ ತಿಳಿಯುತ್ತದೆ. ಎರಡು ಎತ್ತು ಕೂಡಿ ಹೇಗೋ ಎಳೆಯುವಷ್ಟು ಕಬ್ಬು ಹೇರಿದರೆ, ಒಂದು ಮಲಗಿದ ದಿನ ಗಾಡಿ ನಿಲ್ಲುತ್ತದೆ. ಎರಡು ಊರುಗಳಲ್ಲಿ ಐವತ್ತೈವತ್ತು ಜನರನ್ನು ಕೂರಿಸಿ, ನೂರು ಜನರ ಕೆಲಸ ಹಂಚಿದರೆ ಅದು ಅನುಕೂಲದ ಹಂಚಿಕೆ ಆಯಿತೇ ಹೊರತು ಆಪತ್ತಿಗೆ ಆಗದು. ಖರ್ಚು ಹೆಚ್ಚು ನಿಜ. ಮೇಲಿನವರು ಮೊದಲು ಕತ್ತರಿ ಹಾಕುವುದು ಇಲ್ಲಿಗೇ.

ದಾರಿಯೂ ಬೇರೆ ಬೇರೆ ಇರಬೇಕು. ಎರಡೂ ಕೇಂದ್ರಗಳ ಕೇಬಲು ಒಂದೇ ತಗ್ಗಿನಲ್ಲಿ ಹೋಗಿದ್ದರೆ, ಒಂದು ಜೆಸಿಬಿ ಎರಡನ್ನೂ ಕಡಿದುಹಾಕುತ್ತದೆ. ಇನ್ನು ಲೆಕ್ಕದ ಪುಸ್ತಕ. ನೀವು ಮೊದಲ ಊರಿನಲ್ಲಿ ಹೇಳಿದ್ದು ಎರಡನೆಯ ಊರಿನ ಪರದೆಯ ಮೇಲೂ ಆಗಲೇ ಮೂಡಿರಬೇಕು. ಇಲ್ಲದಿದ್ದರೆ ಎದೆನೋವಿನ ಮನುಷ್ಯ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಕೊನೆಗೆ ನಮ್ಮಂಥ ಗಡಿಯವರ ಪ್ರಶ್ನೆ. ಕರೆ ಎರಡನೆಯ ಊರಿಗೆ ತಿರುಗಿತು, ಸರಿ. ಅಲ್ಲಿ ಎತ್ತಿದವರಿಗೆ ಕನ್ನಡ ತಿಳಿಯುತ್ತದೆಯೇ? ನಮಗೆ ನಿಮಗೆ ಮರಾಠಿ ಬರುತ್ತದೆ. ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಗೆ, ಅದೂ ಗಾಬರಿಯಲ್ಲಿ, ಬಾಯಿಗೆ ಬರುವುದು ಕನ್ನಡವೇ. ಎರಡೂ ಕೇಂದ್ರಗಳಲ್ಲಿ, ಎಲ್ಲ ಪಾಳಿಯಲ್ಲೂ, ಗಡಿಯ ಮಾತು ಬಲ್ಲವರೊಬ್ಬರು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಬರೆಯಬಹುದು. ಭೀಮಾ ದಂಡೆಯ ಊರುಗಳಲ್ಲಿ ಇನ್ನೊಂದು ತೊಡಕು. ಮೊಬೈಲು ಆಚೆ ದಂಡೆಯ ಟವರು ಹಿಡಿದರೆ ನಿಮ್ಮ ಕರೆ ಕರ್ನಾಟಕದ ಕೇಂದ್ರಕ್ಕೆ ಹೋಗಬಹುದು. ಆದ್ದರಿಂದ ಫೋನು ಎತ್ತಿದ ಕೂಡಲೇ ಊರು, ತಾಲೂಕು, ಜಿಲ್ಲೆ, ರಾಜ್ಯ ಇಷ್ಟನ್ನೂ ಮೊದಲು ಹೇಳಿ, ಆಮೇಲೆ ಏನಾಯಿತೆಂದು ಹೇಳಿ.

ಎರಡು ಕೇಂದ್ರಗಳೂ ಕೈಕೊಟ್ಟ ಹೊತ್ತಿಗೆಂದು ನಿಮ್ಮ ಠಾಣೆಯ ನಂಬರು, ಸರಕಾರಿ ದವಾಖಾನೆಯ ನಂಬರು, ಊರಲ್ಲಿ ಗಾಡಿ ಇರುವ ಇಬ್ಬರ ನಂಬರು ಗೋಡೆಯ ಮೇಲಿರಲಿ. ಶಾಲೆಗೆ ಹೋಗುವ ಮೊಮ್ಮಗಳಿಗೆ ಹೇಳಿ ದೊಡ್ಡ ಅಕ್ಷರದಲ್ಲಿ ಬರೆಸಿ. ಅದರ ಕೆಳಗೆ ನಿಮ್ಮ ಊರ ಹೆಸರನ್ನು ಕನ್ನಡದಲ್ಲೂ, ಮರಾಠಿಯವರು ಕರೆಯುವ ಹಾಗೂ, ಎರಡು ರೀತಿ ಬರೆಸಿಡಿ. ಕೇಂದ್ರದ ಕಂಪ್ಯೂಟರಿನಲ್ಲಿ ಅದು ಯಾವ ಹೆಸರಿನಲ್ಲಿದೆಯೋ ಯಾರು ಬಲ್ಲರು.