ಟಿಸಿ ಯಾಕೆ ಸುಡುತ್ತದೆ?

(ಹೋಬಳಿಯ ರೈತರ ಸಭೆಯಲ್ಲಿ ನಿವೃತ್ತ ಲೈನ್‌ಮನ್ ಒಬ್ಬರು ಆಡಿದ ಮಾತುಗಳು)



ಕಂಬ ಹತ್ತೋನನ್ನ ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನಾನೂ ಒಕ್ಕಲು ಮನೆಯವನೇ. ಹಗಲು ಖಾಕಿ ಹಾಕಿಕೊಂಡು ದುಡಿದು, ರಾತ್ರಿ ತ್ರೀ ಫೇಸ್ ಬಂದಾಗ ನಿಮ್ಮ ಹಾಗೇ ಬ್ಯಾಟರಿ ಹಿಡಕೊಂಡು ಗದ್ದೆಗೆ ಹೋದವನು. ಟಿಸಿ ಸುಟ್ಟರೆ ಊರು ಮೊದಲು ಬೈಯೋದು ಲೈನ್‌ಮನ್‌ನ. ಬೈಯಲಿ. ಆದರೆ ಅದು ಯಾಕೆ ಸುಟ್ಟಿತು ಅಂತ ಊರವರ ಹತ್ತಿರ ಕೂತು ಹೇಳುವವರು ಯಾರೂ ಇಲ್ಲ. ಕಚೇರಿಗೆ ಪುರಸೊತ್ತಿಲ್ಲ, ಕೆಲಸದಲ್ಲಿರುವ ಹುಡುಗರಿಗೆ ಧೈರ್ಯವಿಲ್ಲ.

ಲೆಕ್ಕ ಕೇಳಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 5 ಎಚ್‌ಪಿ ಮೋಟಾರು ಲೈನಿನಿಂದ ಸುಮಾರು ಐದೂವರೆ, ಆರು ಕೆವಿಎ ಎಳೆಯುತ್ತದೆ. ಅಂದರೆ 25 ಕೆವಿಎ ಟಿಸಿ ಅಂಥ ನಾಲ್ಕು ಮೋಟಾರಿಗೆ ಸರಿ. ನಮ್ಮಲ್ಲಿ ಒಂದೊಂದಕ್ಕೆ ಏಳೆಂಟು ತಗುಲಿಸಿರುತ್ತೇವೆ. ಕಾಗದದಲ್ಲಿ 5 ಎಚ್‌ಪಿ, ಬೋರ್‌ನೊಳಗೆ ಏಳೂವರೆ. ನೀರು ಇಳಿದ ಹಾಗೆ ಮೋಟಾರು ದೊಡ್ಡದಾಯಿತು, ಟಿಸಿ ಅಷ್ಟೇ ಉಳಿಯಿತು.

ಭಾರ ಹೆಚ್ಚಾದರೆ ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಬಿದ್ದರೆ ಮೋಟಾರು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಟಿಸಿಯೊಳಗೆ ಎಣ್ಣೆ ಕಾಯುತ್ತದೆ, ಸುರುಳಿಗೆ ಸುತ್ತಿದ ಕಾಗದ ಕರಕಾಗುತ್ತದೆ. ಅಷ್ಟರಲ್ಲಿ ಫ್ಯೂಸ್ ಹೋಗಬೇಕು. ಹೋಗೋದಿಲ್ಲ, ಯಾಕೆಂದರೆ ಯಾರೋ ಪುಣ್ಯಾತ್ಮರು ದಪ್ಪ ತಂತಿ ಕಟ್ಟಿದ್ದಾರೆ! ಇದರ ಮೇಲೆ ಆಟೋ ಸ್ಟಾರ್ಟರ್ ಬೇರೆ. ಕರೆಂಟ್ ಬಂದ ಕ್ಷಣಕ್ಕೆ ಎಲ್ಲ ಮೋಟಾರೂ ಒಟ್ಟಿಗೆ ಎದ್ದರೆ, ಆ ಗಳಿಗೆಯಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟ್ ಬೇಕು.

ಸುಟ್ಟರೆ ಕಳಕೊಳ್ಳುವವರು ಯಾರು? ಮೋಟಾರು ಎತ್ತುವ ಕೂಲಿ, ರೀವೈಂಡಿಂಗ್, ಮತ್ತೆ ಇಳಿಸುವ ಕೂಲಿ. ಹೊಲದಲ್ಲಿ ಬೆಳೆ ಬಾಡುತ್ತಿರುವಾಗ ಬ್ಯಾಂಕಿಗೆ ಹೋಗಲು ಸಮಯವೆಲ್ಲಿ? ದಲ್ಲಾಳಿ ಹತ್ತಿರ ಮುಂಗಡ ತರುತ್ತೀರಿ. ಬೆಳೆ ಅವನ ಮಂಡಿಗೇ ಹೋಗಬೇಕು, ಅವನು ಹೇಳಿದ ರೇಟಿಗೇ ಕೊಡಬೇಕು.

ಇನ್ನೊಂದು ಮಾತು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆ ಹಣವನ್ನು ಸರ್ಕಾರ ಕಂಪನಿಗಳಿಗೆ ಕೊಡಬೇಕು. ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಮೀಟರ್ ಇಲ್ಲ. ಹಾಗಾಗಿ ನಿಮ್ಮ ಹೆಸರಿನಲ್ಲಿ ಬರೆಯುವ ಯೂನಿಟ್ಟು ಅಂದಾಜಿನದು. ಅಂದಾಜು ಹೆಚ್ಚಾದಷ್ಟೂ ತಂತಿಯಲ್ಲಿ ಸೋರಿದ ಕರೆಂಟ್ ರೈತನ ಖಾತೆಯಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಪೇಟೆಯವರು, ರೈತರೇ ಎಲ್ಲ ಕುಡಿದರು ಅನ್ನುತ್ತಾರೆ. ಸಬ್‌ಸ್ಟೇಷನ್‌ನಲ್ಲಿ ಲಾಗ್ ಬುಕ್ ಇದೆ. ನಿಮ್ಮ ಫೀಡರ್‌ಗೆ ಯಾವಾಗ ಕರೆಂಟ್ ಬಿಟ್ಟರು, ಯಾವಾಗ ತೆಗೆದರು, ಎಲ್ಲ ಅದರಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ನಕಲು ಕೇಳಿ. ದರ ಏರಿಸುವ ಮುಂಚೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಅಹವಾಲು ಕೇಳುತ್ತದೆ, ಅಲ್ಲಿಗೆ ಬರೀ ಘೋಷಣೆ ಒಯ್ಯಬೇಡಿ, ಆ ನಕಲು ಒಯ್ಯಿರಿ. ಕೆಲಸದಲ್ಲಿರುವವನು ಅಲ್ಲಿ ಬಾಯಿ ಬಿಡಲಾರ. ನೀವು ಬಿಡಬಹುದು.

ನಮ್ಮ ಜೀವದ ವಿಷಯವನ್ನೂ ಹೇಳಿಬಿಡುತ್ತೇನೆ. ಲೈನ್ ಕ್ಲಿಯರ್ ತಗೊಂಡು ಹುಡುಗ ಕಂಬದ ಮೇಲಿರುತ್ತಾನೆ. ಕೆಳಗೆ ಯಾರದೋ ಮನೆಯಲ್ಲಿ ಮದುವೆ, ಜನರೇಟರನ್ನು ಚೇಂಜ್ ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೇ ಕೊಟ್ಟಿದ್ದಾರೆ. ಆ ಕರೆಂಟ್ ಟಿಸಿಯೊಳಗೆ ಹಿಂದಕ್ಕೆ ನುಗ್ಗಿ ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಸತ್ತ ಲೈನು ಅಂತ ಮುಟ್ಟಿದವನು ಕೆಳಗೆ ಬರುವುದು ಹೆಣವಾಗಿ. ಅವನೂ ಯಾವುದೋ ರೈತನ ಮಗನೇ. ನೀವೂ ಅಷ್ಟೇ, ಲೈನ್‌ಮನ್ ಬರೋದು ತಡವಾಯಿತು ಅಂತ ಕೋಲು ಹಿಡಿದು ಫ್ಯೂಸ್ ಹಾಕಲು ಹೋಗಬೇಡಿ.

ಈಗ ಊಟ ಆಗಲಿ. ಆಮೇಲೆ ಕೆರೆ ಹಿಂದಿನ ಟಿಸಿ ಹತ್ತಿರ ಬನ್ನಿ. ಯಾರ ಮೋಟಾರು ಎಷ್ಟು ಎಚ್‌ಪಿ ಅಂತ ಇದ್ದದ್ದು ಇದ್ದ ಹಾಗೆ ಒಂದು ಹಾಳೆಯಲ್ಲಿ ಬರೆಯೋಣ. ದೊಡ್ಡ ಟಿಸಿ ಕೇಳೋ ಅರ್ಜಿಗೆ ಆ ಹಾಳೆಯನ್ನೇ ಲಗತ್ತಿಸೋಣ. ಅಲ್ಲಿಯವರೆಗೆ ಸರದಿ ಪ್ರಕಾರ ಮೋಟಾರು ಹಾಕೋದು ಹೇಗೆ ಅಂತ ಅಲ್ಲೇ ತೀರ್ಮಾನ ಆಗಲಿ.